ದೇವೀರಪ್ಪನವರ ಕಣ್ಣು

ಆ ಬೆಳಿಗ್ಗೆ ಬೇಲೂರಿನ ಮೇಲೆ ಮಂಜು ಎಷ್ಟು ದಟ್ಟವಾಗಿ ಕೂತಿತ್ತೆಂದರೆ, ದೇವಸ್ಥಾನದ ಗೋಪುರವನ್ನು ಅರ್ಧಕ್ಕೇ ಕಟ್ಟಿ ಬಿಟ್ಟಂತೆ ಕಾಣುತ್ತಿತ್ತು. ಯಗಚಿ ಹೊಳೆಯ ಕಡೆಯ ಗಾಳಿಗೂ ಅದು ಕದಲಲಿಲ್ಲ. ಬಿಕ್ಕೋಡಿನ ಬಸ್ಸು ದೀಪ ಹಾಕಿಕೊಂಡೇ ಬಂದು, ಯಾರನ್ನು ಇಳಿಸಿತೋ ಯಾರನ್ನು ಹತ್ತಿಸಿಕೊಂಡಿತೋ ಕಾಣದ ಹಾಗೆ ಹೊರಟುಹೋಯಿತು. ಶಿವನು ಊರಿಗೆಲ್ಲ ವಿಭೂತಿ ಬಳಿದು ಸುಮ್ಮನೆ ಕೂತ ಹಾಗಿತ್ತು.

ಚನ್ನೇಶ್ ಸ್ಟುಡಿಯೋದ ಬಾಗಿಲು ತೆಗೆದು, ಊದುಬತ್ತಿ ಹಚ್ಚಿ, ಕಂಪ್ಯೂಟರಿಗೂ ಒಂದು ಸುತ್ತು ಬೆಳಗಿ ಕೂತ. ಎರಡು ಸಾವಿರದ ಏಳನೆಯ ಇಸವಿ ಅದು. ರೀಲು ಹಾಕುವ ಕ್ಯಾಮೆರಾ ಕಪಾಟು ಸೇರಿತ್ತು; ಡಿಜಿಟಲ್ ಬಂದಿತ್ತು. ಹಾಸನದ ಕಂಪ್ಯೂಟರ್ ಅಂಗಡಿಯವನು ಫೋಟೋ ತಿದ್ದುವ ಎರಡು ಸಾಫ್ಟ್‌ವೇರ್ ಹಾಕಿಕೊಟ್ಟು, ಒಂದು ತಿಂಗಳು ಎರಡನ್ನೂ ಬಳಸಿ ನೋಡಿ, ಬೇಕಾದ್ದನ್ನು ಉಳಿಸಿಕೊಳ್ಳಿ ಎಂದಿದ್ದ. ಅವುಗಳ ಹೆಸರು ನಾಲಿಗೆಗೆ ಹೊರಳದೆ, ಪರದೆಯ ಮೇಲಿನ ಗುರುತಿನ ಬಣ್ಣ ನೋಡಿ ಗಂಡ ಹೆಂಡತಿ ಒಂದನ್ನು ನೀಲಿ, ಇನ್ನೊಂದನ್ನು ಹಳದಿ ಎಂದು ಕರೆಯುತ್ತಿದ್ದರು. ಹೋಲಿಸಿ ನೋಡಲೆಂದು ಪ್ರತಿಯೊಂದು ಫೋಟೋವನ್ನೂ ಎರಡಕ್ಕೂ ಹಾಕುತ್ತಿದ್ದರು.

ಚನ್ನೇಶನ ಮನಸ್ಸು ನೀಲಿಯ ಮೇಲೆ. ಅದರಲ್ಲಿ ಏನು ಬೇಕಾದರೂ ಮಾಡಬಹುದಿತ್ತು: ಒಬ್ಬರ ತಲೆ ಇನ್ನೊಬ್ಬರಿಗೆ ಕೂರಿಸಬಹುದು, ಇಲ್ಲದ ಮಾಲೆ ಹಾಕಬಹುದು. ತಿದ್ದಿ ಉಳಿಸಿದರೆ ತಿದ್ದಿದ್ದೇ ಫೋಟೋ, ಹಳೆಯದು ಹೋದಂತೆಯೇ. ಹಳದಿ ಹಾಗಲ್ಲ. ಬೆಳಕು, ಬಣ್ಣ, ಅಂಚು, ಅಷ್ಟೇ ಅದರ ಕೆಲಸ. ಮಾಡಿದ ಬದಲಾವಣೆಯನ್ನೆಲ್ಲ ಪಕ್ಕಕ್ಕೆ ಬರೆದಿಟ್ಟುಕೊಂಡು, ಮೂಲ ಫೋಟೋವನ್ನು ಮುಟ್ಟದೆ ಕಾಪಾಡುತ್ತಿತ್ತು. ಅದು ಹೆಂಡತಿ ಹೇಮಲತಾಳಿಗೆ ಹಿಡಿಸಿತ್ತು.

"ಮೊನ್ನೆ ಮದುವೆ ಫೋಟೋದಲ್ಲಿ ಹಿಂದೆ ನಿಂತಿದ್ದ ಎಮ್ಮೆ ತೆಗೆದು ಹೂಕುಂಡ ಇಟ್ಟೆ ಕಣೇ. ನಿನ್ನ ಹಳದಿ ಮಾಡ್ತದಾ?" ಎಂದ ಚನ್ನೇಶ್.

"ಮಾಡಲ್ಲ. ಇವತ್ತು ಎಮ್ಮೆ ತೆಗೀರಿ. ನಾಳೆ ಆ ಹುಡುಗಿ ಬಂದು ನಮ್ಮತ್ತೇನೂ ತೆಗೀರಿ ಅಂತಾಳೆ."

"ತೆಗೆದ್ರಾಯ್ತು!"

ಆಗಲೇ ಮಂಜಿನೊಳಗಿಂದ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ಎದೆಗೆ ಅವುಚಿಕೊಂಡ ಟವೆಲಿನಲ್ಲಿ ಏನೋ ಚೌಕದ್ದು. ಗೆಂಡೆಹಳ್ಳಿಯ ರುದ್ರಮ್ಮ. ಗಂಡ ದೇವೀರಪ್ಪ ಕಾರ್ತಿಕ ಮಾಸದಲ್ಲಿ ಲಿಂಗೈಕ್ಯರಾಗಿದ್ದರು. ಅಂದು ಫೋಟೋ ತೆಗೆಯಲು ಹೋದವನು ಚನ್ನೇಶನೇ.

ಲಿಂಗಾಯತರಾದ ಅವರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಮೀಸಿ, ಹಣೆಗೆ ವಿಭೂತಿ ಹಚ್ಚಿ, ಹೂವಿನ ನಡುವೆ ಪದ್ಮಾಸನದಲ್ಲಿ ಕೂರಿಸುತ್ತಾರೆ. ಮನೆಯವರೆಲ್ಲ ಸುತ್ತ ಕೂತು ಕೊನೆಯದೊಂದು ಫೋಟೋ ತೆಗೆಸುತ್ತಾರೆ. ಬದುಕಿದ್ದಾಗ ಕ್ಯಾಮೆರಾದ ಮುಂದೆ ನಿಲ್ಲದ ಎಷ್ಟೋ ಜನಕ್ಕೆ ಅದೊಂದೇ ಫೋಟೋ. ಗೋಡೆಗೆ ಹಾಕಲು ಮಾತ್ರ ಮುಚ್ಚಿದ ಕಣ್ಣು ಬೇಡ. ಕಣ್ಣು ಬಿಡಿಸಿ ಕೊಡಿ ಎಂದು ಕೇಳುವುದು ಈ ಕಡೆ ರೂಢಿ. ದೇವೀರಪ್ಪನವರ ಅಳಿಯ ಬಂದು ಹಾಗೆ ಹೇಳಿಹೋಗಿದ್ದ. ಅತ್ತೆಗೆ ಹೇಳಿರಲಿಲ್ಲ.

ರುದ್ರಮ್ಮ ಟವೆಲು ಬಿಚ್ಚಿ ಕಟ್ಟು ಹಾಕಿಸಿದ ಫೋಟೋವನ್ನು ಮೇಜಿನ ಮೇಲಿಟ್ಟಳು. ದೇವೀರಪ್ಪ ಕಣ್ಣು ಬಿಟ್ಟು ನೋಡುತ್ತಿದ್ದರು. ಚನ್ನೇಶ್ ತನಗರಿವಿಲ್ಲದೆ ದೃಷ್ಟಿ ಬೇರೆ ಕಡೆ ಹೊರಳಿಸಿದ. ಆ ಮುಖ ಅವನನ್ನೂ ಬಿಟ್ಟಿರಲಿಲ್ಲ. ಕಂಪ್ಯೂಟರ್ ಹಚ್ಚುವಾಗ ಪರದೆ ಒಂದು ಕ್ಷಣ ಕಪ್ಪಗಿರುತ್ತದಲ್ಲ, ಆ ಕಪ್ಪಿನಲ್ಲಿ ಯಾರೋ ರೆಪ್ಪೆ ಎತ್ತಿದ ಹಾಗೆ ಅವನಿಗೆ ಈಚೆಗೆ ಅನ್ನಿಸುತ್ತಿತ್ತು.

"ಚನ್ನೇಶಪ್ಪ, ನಿಂಗೊಂದು ಮಾತು ಕೇಳ್ಬೇಕು ಅಂತ ಬಂದೆ," ಎಂದಳು ರುದ್ರಮ್ಮ. "ನೀನು ಫೋಟೋ ತೆಗ್ದಾಗ ಇವ್ರು ಕಣ್ಣು ಬಿಟ್ರಾ?"

ಚನ್ನೇಶ್ ಮೇಜಿನ ಮೇಲಿನ ಟವೆಲನ್ನು ಮಡಿಚತೊಡಗಿದ.

"ನಮ್ಗೆ ಯಾರ್ಗೂ ಕಾಣ್ಲಿಲ್ಲ. ನಿನ್ನ ಮಿಷೀನಿಗೆ ಕಂಡೈತೆ. ಅಳ್ತಾವ್ರೆ ನೋಡು. ಕಣ್ಣಾಗೆ ನೀರೈತೆ. ಸಂಜೆ ದೀಪ ಹಚ್ಚಿದ್ರೆ ಆ ನೀರು ಹೊಳೀತದೆ. ಗೋಡೆ ಕಡೆ ತಿರುಗಿಸಿಟ್ಟೆ. ಆಗ ನನ್ನ ಬೆನ್ನು ನೋಡ್ತಾವ್ರೆ ಅನ್ಸಕ್ಕೆ ಹತ್ತಿತು. ಆ ಕ್ವಾಣೆಗೆ ಹೋಗಕ್ಕೇ ಆಗ್ತಿಲ್ಲ ಕಣಪ್ಪ."

ಹೇಮಲತಾ ಕುರ್ಚಿ ಎಳೆದು ಕೂರಿಸಿದಳು. ರುದ್ರಮ್ಮ ಕೂತು, ದನಿ ತಗ್ಗಿಸಿದಳು.

"ಮಠದ ಅಯ್ಯನೋರನ್ನ ಕೇಳಿದೆ. ಶಿವನ ಪಾದ ಸೇರವ್ರೆ ತಾಯಿ, ಯೋಚ್ನೆ ಬಿಡು ಅಂದ್ರು. ಸೇರಿದ್ರೆ ಯಾಕೆ ಅಳ್ತಾರೆ ಹೇಳು? ನಂಗೆ ಗೊತ್ತು ಯಾಕೆ ಅಂತ. ಅವ್ರ ಉಸಿರು ಹೋಗೋವಾಗ ನಾನು ಹತ್ರ ಇರ್ಲಿಲ್ಲ. ಕರು ಹಗ್ಗ ಕಿತ್ಕಂಡಿತ್ತು, ಕಟ್ಟಕ್ಕೆ ಕೊಟ್ಟಿಗೇಗೆ ಹೋಗಿದ್ದೆ. ಬಾಯಿಗೆ ನೀರು ಬಿಡಕ್ಕೂ ಆಗ್ಲಿಲ್ಲ. ಅದನ್ನ ಮನಸ್ನಲ್ಲಿಟ್ಕಂಡು ಹೋದ್ರು."

ಹೊರಗೆ ಮಂಜು ಬಾಗಿಲವರೆಗೂ ಬಂದು ನಿಂತಿತ್ತು.

ಚನ್ನೇಶನಿಗೆ ಒಂದೇ ಉಪಾಯ ಹೊಳೆಯಿತು. "ಅಮ್ಮಾ, ಅದು ಬೆಳಕಿನ ದೋಷ ಇರ್ಬೇಕು. ಒಂದು ನಿಮಿಷ ಕೂತಿರಿ, ತೆಗೆದುಕೊಡ್ತೀನಿ," ಎಂದು ನೀಲಿಯನ್ನು ತೆರೆದ. ಹೇಮಲತಾ ಬೇಡವೆಂದು ಕಣ್ಣಲ್ಲೇ ಹೇಳಿದಳು. ಅವನು ನೋಡದವನಂತೆ ಮೌಸು ಆಡಿಸಿದ. ಕಣ್ಣಂಚಿನ ಹೊಳಪು ಅಳಿಯಿತು. ಕೆಳರೆಪ್ಪೆಯ ತೇವ ಅಳಿಯಿತು. ಅಷ್ಟು ಸುಲಭ.

ನೀರು ಹೋದ ಮೇಲೆ ಆ ಕಣ್ಣು ಬೆಂಕಿಯ ಹಾಗೆ ಉರಿಯಿತು. ರುದ್ರಮ್ಮ ಕುರ್ಚಿ ಹಿಂದಕ್ಕೆ ಜರುಗಿಸಿ ಎದ್ದುಬಿಟ್ಟಳು.

"ಅಯ್ಯೋ ಶಿವನೇ! ಇವ್ರು ನಮ್ಮನೆಯೋರಲ್ಲ. ನಮ್ಮನೆಯೋರು ಒಂದು ದಿನಾನೂ ನನ್ನ ಹಿಂಗೆ ನೋಡ್ದೋರಲ್ಲ. ಯಾರಪ್ಪಾ ಇದು? ಇವ್ರೊಳಗೆ ಯಾರು ಬಂದು ಕೂತವ್ರೆ?"

ಚನ್ನೇಶನ ಕೈ ನಿಂತಿತು. ಹೇಮಲತಾ ಮೆಲ್ಲನೆ, "ಹೇಳಿಬಿಡ್ರೀ," ಎಂದಳು. "ಇನ್ನೂ ಒರೆಸ್ತಾ ಹೋದ್ರೆ ಅಮ್ಮ ಮನೆಗೆ ಹೋಗಿ ಹೆದರಿಕೇಲೇ ಸಾಯ್ತಾರೆ."

ಅವನು ಎದ್ದು ನಿಂತು ಹೇಳಿದ. "ಅವರು ಕಣ್ಣು ಬಿಡಲಿಲ್ಲ ಅಮ್ಮಾ. ಮುಚ್ಚೇ ಇತ್ತು. ನಾನು ಬೇರೆಯವರ ಕಣ್ಣು ತೆಗೆದು ಅಲ್ಲಿ ಕೂರಿಸಿದೆ. ನಿಮ್ಮ ಅಳಿಯಂದಿರು ಕಣ್ಣು ಬಿಡಿಸಿ ಅಂದಿದ್ರು. ನಿಮಗೆ ಗೊತ್ತಿದೆ ಅಂದ್ಕೊಂಡೆ."

ರುದ್ರಮ್ಮ ಕಟ್ಟಿನ ಗಾಜಿನ ಮೇಲೆ ಬೆರಳಿಟ್ಟಳು. "ಯಾರ ಕಣ್ಣು?"

ಹೇಮಲತಾ ಹಳದಿಯನ್ನು ತೆರೆದಳು. ಅಂದಿನ ಫೋಟೋ ಅದರಲ್ಲಿ ಅಂದಿದ್ದ ಹಾಗೇ ಇತ್ತು. ಹೂವಿನ ನಡುವೆ ದೇವೀರಪ್ಪ, ಅಂಗೈಯಲ್ಲಿ ಲಿಂಗ, ಮುಚ್ಚಿದ ಕಣ್ಣು. ಅವರ ಕಾಲ ಬಳಿ ಕ್ಯಾಮೆರಾದ ಕಡೆ ಮುಖ ಮಾಡಿ ಕೂತ ರುದ್ರಮ್ಮ. ಹಿಂದೆ ಒಬ್ಬ, ಅವರ ತಲೆ ವಾಲದಂತೆ ಎರಡು ಕೈಯಲ್ಲಿ ಹಿಡಿದು ನಿಂತಿದ್ದ. ದೇವೀರಪ್ಪನವರ ತಮ್ಮ ಷಡಕ್ಷರಪ್ಪ. ಆಸ್ತಿ ಪಾಲಾದಾಗಿನಿಂದ ಅಣ್ಣನ ಹೊಸ್ತಿಲು ತುಳಿಯದವನು, ಅಂದು ಬಂದು, ಯಾರೂ ಹೇಳದೆಯೇ ತಲೆ ಹಿಡಿದು ನಿಂತಿದ್ದ. ಮುಖ ಬಗ್ಗಿಸಿಕೊಂಡೇ ಇದ್ದವನು, "ಇಲ್ಲಿ ನೋಡಿ" ಎಂದು ಚನ್ನೇಶ್ ಕೂಗಿದಾಗ ಒಮ್ಮೆ ಎತ್ತಿದ್ದ. ಅದೇ ಬೆಳಕು, ಅದೇ ಮನೆತನದ ಕಣ್ಣು. ಹೊಂದುತ್ತದೆಂದು ಚನ್ನೇಶ್ ಅದನ್ನೇ ಎತ್ತಿಕೊಂಡಿದ್ದ. ಆಮೇಲೆ ಗೋಡೆಯ ಫೋಟೋಗಾಗಿ ಸುತ್ತಲಿನವರನ್ನೆಲ್ಲ ಕತ್ತರಿಸಿದ್ದ.

ರುದ್ರಮ್ಮ ಪರದೆಯ ಹತ್ತಿರ ಬಗ್ಗಿದಳು. ಮೊದಲು ಗಂಡನನ್ನು ನೋಡಿದಳು. ನಿದ್ದೆ ಹೋದ ಕೂಸಿನ ರೆಪ್ಪೆಯ ಹಾಗೆ ಆ ರೆಪ್ಪೆ ಹಗುರಾಗಿ ಮುಚ್ಚಿತ್ತು. ಕಾಯುತ್ತಿರುವವರ ಮುಖವಲ್ಲ ಅದು. ತಲುಪಿದವರ ಮುಖ.

"ಏನೂ ಬೇಕಿಲ್ಲ ಇವ್ರಿಗೆ," ಎಂದಳು, ತನಗೇ ಹೇಳಿಕೊಳ್ಳುವ ಹಾಗೆ. "ಏನೂ ಬೇಕಿಲ್ಲ."

ಆಮೇಲೆ ಹಿಂದೆ ನಿಂತವನನ್ನು ನೋಡಿದಳು. ಅವನ ಕಣ್ಣಂಚಿನಲ್ಲಿ ಅದೇ ನೀರು.

"ಅವ್ನು ಅತ್ನಾ?" ಎಂದಳು. "ಕಲ್ಲು ನಿಂತಂಗೆ ನಿಂತಿದ್ದ ಅಂತ ಊರೆಲ್ಲ ಆಡ್ಕಂಡ್ರು. ನಾನೂ ಆಡ್ಕಂಡೆ ಕಣಪ್ಪ. ನಾನು ಮುಂದೆ ಕೂತಿದ್ದೆ, ನಂಗೆಲ್ಲಿ ಕಾಣ್ಬೇಕು."

"ನಾಳೆ ಬೆಳಿಗ್ಗೆ ನಾನೇ ತಂದುಕೊಡ್ತೀನಿ," ಎಂದ ಚನ್ನೇಶ್. "ಹೇಗಿದ್ರೋ ಹಾಗೆ."

ಅವಳು ಕಟ್ಟಿನ ಫೋಟೋವನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡು ಹೋದ ಮೇಲೆ ಹಾಸನದಿಂದ ಫೋನು ಬಂತು. ಅಂಗಡಿಯವನು ಯಾವುದನ್ನು ಉಳಿಸಲಿ ಎಂದು ಕೇಳಿದ. ಚನ್ನೇಶ್ ಹಳದಿ ಎಂದ. ಅತ್ತ ಕಡೆಯವನಿಗೆ ಅರ್ಥವಾಗದೆ, ಹೇಮಲತಾ ಫೋನು ಕಸಿದುಕೊಂಡು ಸರಿಯಾದ ಹೆಸರು ಹೇಳಿದಳು.

"ಕಣ್ಣು ಬಿಡಿಸಿ ಅಂತ ಬರೋರಿಗೆ ಏನಂತೀರಿ?" ಎಂದಳು ಫೋನಿಟ್ಟು.

"ನಮಗೆ ಬರಲ್ಲ ಅಂತೀನಿ."

"ಎದುರಿನ ಸ್ಟುಡಿಯೋದೋನು ಹಬ್ಬ ಮಾಡ್ತಾನೆ."

"ಮಾಡಲಿ ಬಿಡೇ."

ಮಾರನೆಯ ಬೆಳಿಗ್ಗೆ ಅವನು ಗೆಂಡೆಹಳ್ಳಿಯ ಬಸ್ಸು ಹತ್ತಿದ. ಅಣ್ಣ ತಮ್ಮಂದಿರ ಮನೆ ಒಂದೇ ಸೂರಿನಡಿ ಇತ್ತು. ಜಗುಲಿಯ ನಡುವೆ ಮಾತ್ರ ಸೊಂಟದೆತ್ತರದ ಗೋಡೆ ಎದ್ದಿತ್ತು. ರುದ್ರಮ್ಮ ಕಣ್ಣು ಮುಚ್ಚಿದ ಗಂಡನನ್ನು ದೇವರ ಕೋಣೆಯ ಪಕ್ಕ ತಾನೇ ಮೊಳೆಗೆ ಹಾಕಿದಳು. ದೀಪ ಹಚ್ಚಿ, ಅದರ ಮುಂದೆ ಕೂತು ಎದ್ದಳು. ಅವಳ ಉಸಿರು ನಿಧಾನವಾಗಿತ್ತು.

ಮೂಲೆಯಲ್ಲಿದ್ದ ಕಣ್ಣು ಬಿಟ್ಟ ಹಳೆಯ ಫೋಟೋವನ್ನು ಕೈಗೆತ್ತಿಕೊಂಡು ಚನ್ನೇಶನನ್ನು ಕೇಳಿದಳು: "ಬದುಕಿರೋನ ಕಣ್ಣಿಗೆ ಇಷ್ಟು ದಿವ್ಸ ಹೂವು ಹಾಕಿದೀನಿ. ಇದನ್ನ ಏನು ಮಾಡ್ಲಿ?"

ಅವಳು ಮಾಲೆ ತೆಗೆದಳು, ಗಾಜಿನ ಮೇಲಿನ ವಿಭೂತಿಯನ್ನು ಸೆರಗಿನಲ್ಲಿ ಒರೆಸಿದಳು, ಜಗುಲಿಗೆ ಬಂದಳು. ಗೋಡೆಯಾಚೆ ಷಡಕ್ಷರಪ್ಪ ಗೋಣಿಚೀಲದ ಬಾಯಿ ಹೊಲಿಯುತ್ತಿದ್ದ. ಅತ್ತಿಗೆಯನ್ನು ಕಂಡು ದಬ್ಬಳವನ್ನು ಕೆಳಗಿಟ್ಟು ಎದ್ದ.

"ನಿನ್ನದು ನಮ್ಮನೇಲಿತ್ತು ಕಣಪ್ಪ," ಎಂದು ರುದ್ರಮ್ಮ ಗೋಡೆಯ ಮೇಲಿಂದ ಫೋಟೋವನ್ನು ನೀಡಿದಳು. ಅವನು ಎರಡೂ ಕೈ ಚಾಚಿ ತೆಗೆದುಕೊಂಡ.