ಉಪ್ಪಿನ ಕೆರೆಯ ಡೋಲ್ಮಾ

"ಹಿಂದಿನ ಚಕ್ರ ಎರಡೂ ಉಪ್ಪಿನಲ್ಲಿ ಹೂತುಹೋಯ್ತು ನೋಡು. ಜಾಕ್ ಇಲ್ಲ, ಸುತ್ತ ಜನ ಇಲ್ಲ. ನಾನು ಎಂತ ಮಾಡಿದೆ? ಲಾರಿಯ ಅಡಿಗೆ ನುಗ್ಗಿದೆ, ಬೆನ್ನು ಕೊಟ್ಟೆ, ಲೋಡು ಸಮೇತ ಎತ್ತಿ ದಡದಲ್ಲಿ ಇಟ್ಟೆ!"

ಮಾವಿನ ಮರದ ಬುಡಕ್ಕೆ ಮರ ಕೊಯ್ಯುವ ಮೆಷಿನ್ ಹಿಡಿದಿದ್ದ ಉದಯ ಅದನ್ನು ನಿಲ್ಲಿಸಿ ತಲೆ ಎತ್ತಿದ. "ಲೋಡು ಎಂತದು ಬೋಜಪ್ಪಣ್ಣ?"

"ಸಿಮೆಂಟು. ಹತ್ತು ಟನ್."

"ಹಾಗಾದ್ರೆ ಈ ಮರವನ್ನೂ ನೀವೇ ಒಮ್ಮೆ ಬೆನ್ನು ಕೊಟ್ಟು ಎತ್ತಿಬಿಡಿ ಮಾರಾಯ್ರೆ. ನನ್ನ ಪೆಟ್ರೋಲ್ ಉಳೀತದೆ."

ಸುತ್ತ ನಿಂತವರು ನಗು ನುಂಗಿಕೊಂಡರು. ಅದು ನಗುವ ದಿನವಲ್ಲ. ಕಡಿಯುತ್ತಿದ್ದ ಮರ ಬೋಜಪ್ಪನ ಹೆಂಡತಿ ಪೂವಮ್ಮನ ಚಿತೆಗೆ. ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿದ್ದಳು. ಬೇರೆ ಯಾವ ಗಂಡನಾಗಿದ್ದರೂ ಒಳಗೆ ಕುಳಿತು ಅಳುತ್ತಿದ್ದ. ಬೋಜಪ್ಪನ ದುಃಖ ಮಾತ್ರ ಕಣ್ಣಿನ ದಾರಿ ತಪ್ಪಿ ಬಾಯಿಗೆ ಬಂದಿತ್ತು. ಅವನ ಲಡಾಖ್ ಕತೆ ಕೇಳದ ಮನುಷ್ಯ ಸವಣೂರಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಕೇಳಿ ಕೇಳಿ ದಾರಿಬದಿಯ ದನಗಳಿಗೂ ಚಳಿ ಹಿಡಿದಿತ್ತು.

ಅಷ್ಟರಲ್ಲಿ ಅವನ ತಮ್ಮನ ಮಗ ಭವಿತ್ ಪುತ್ತೂರಿನಿಂದ ಶ್ರದ್ಧಾಂಜಲಿಯ ಫ್ಲೆಕ್ಸ್ ತಂದು ಗೇಟಿಗೆ ಕಟ್ಟಿದ. ಕೆಂಪು ಉಲ್ಲನ್ ಟೊಪ್ಪಿ, ಕಪ್ಪು ಕನ್ನಡಕ, ಹಿಂದೆ ಕಣ್ಣು ಹಾಯುವಷ್ಟು ದೂರ ಬಿಳಿ ನೆಲ. ನಡುವೆ ಪೂವಮ್ಮ, ದಂತವೈದ್ಯರ ಬೋರ್ಡಿಗೂ ಹಾಕದಷ್ಟು ಹಲ್ಲು ಬಿಟ್ಟು ನಗುತ್ತಿದ್ದಳು.

ಬೋಜಪ್ಪ ಮರವನ್ನು ಬಿಟ್ಟು ಗೇಟಿಗೆ ಓಡಿದ. "ಇದು ಯಾಕೆ? ಮದುವೆದು ಇರಲಿಲ್ವಾ?"

"ಮದುವೆ ಫೋಟೋದಲ್ಲಿ ದೊಡ್ಡಮ್ಮನ ಅರ್ಧ ಮುಖವನ್ನು ನಿಮ್ಮ ಹೆಗಲು ತಿಂದಿದೆ ದೊಡ್ಡಪ್ಪ."

"ಲಡಾಖಿಗೆ ಅವಳಿಗಿಂತ ಮೊದಲು ಹೋದವ ನಾನು. ಗೊತ್ತುಂಟಲ್ಲ?"

"ಗೊತ್ತುಂಟು. ಆದ್ರೆ ನಿಮ್ಮದು ಅಲ್ಲಿಯ ಒಂದೂ ಫೋಟೋ ಇಲ್ಲವಲ್ಲ."

ಬಂದವರೆಲ್ಲ ಫ್ಲೆಕ್ಸಿನ ಮುಂದೆ ನಿಂತು, "ಪೂವಕ್ಕ ಎಷ್ಟು ಚೆಂದ ಹೇಳ್ತಿದ್ರು ಅಲ್ಲಿಯ ಸುದ್ದಿ" ಎಂದರು. ಒಬ್ಬರೂ ಬೋಜಪ್ಪನ ಕಡೆ ತಿರುಗಲಿಲ್ಲ. ಹೆಂಡತಿ ಸತ್ತ ದಿನವೂ ಅವನ ಹೊಟ್ಟೆಯೊಳಗೆ ಆ ಹಳೆಯ ಕಿಚ್ಚು ಸಣ್ಣಗೆ ಹೊಗೆಯಾಡಿತು.

ಗೇಟಿನ ಹೊರಗೆ ಒಂದು ವ್ಯಾನು ನಿಂತಿತು. ಪುತ್ತೂರಿನಲ್ಲಿ ಹೆಂಗಸರಿಗಾಗಿಯೇ ಟೂರ್ ನಡೆಸುವ ನಶೀದಾ ಇಳಿದಳು. ಪೂವಮ್ಮನನ್ನು ಲಡಾಖಿಗೆ ಕರೆದುಕೊಂಡು ಹೋದವಳು ಅವಳೇ. ಎರಡು ವರ್ಷದಿಂದ ಹೆಂಡತಿಯಲ್ಲಿ ಕೇಳಲಾಗದ ಒಂದು ಪ್ರಶ್ನೆಗೆ ಉತ್ತರ ಇನ್ನು ಇವಳೊಬ್ಬಳ ಹತ್ತಿರ ಇತ್ತು.

*

ಮದುವೆಯಾದ ವಾರವೇ ಬೋಜಪ್ಪ ಡೋಲ್ಮಾಳ ಕತೆ ಹೇಳಿದ್ದ. ಮಿಲಿಟರಿ ಸಾಮಾನು ಹೊತ್ತ ಲಾರಿಯ ಡ್ರೈವರಾಗಿ ಅವನು ಲಡಾಖಿಗೆ ಹೋಗಿದ್ದನಂತೆ. ಅಲ್ಲಿ ಆಕಾಶದಷ್ಟು ಎತ್ತರದಲ್ಲಿ ಒಂದು ಉಪ್ಪಿನ ಕೆರೆ. ದಡದಲ್ಲಿ ಒಂದು ಡೇರೆ. ಡೇರೆಯಲ್ಲಿ ಸೇಬಿನಂಥ ಕೆನ್ನೆಯ ಡೋಲ್ಮಾ. ಬೆಣ್ಣೆ ಹಾಕಿದ ಚಹಾ ಕೊಟ್ಟು, ಕೈ ಹಿಡಿದು, "ಇಲ್ಲೇ ಇದ್ದುಬಿಡು" ಅಂದಳಂತೆ.

ಆ ದಿನ ಪೂವಮ್ಮ ಸಾರಿಗೆ ಉಪ್ಪು ಹಾಕಲಿಲ್ಲ. ಬೋಜಪ್ಪ ಎರಡು ಸಲ ಬಡಿಸಿಕೊಂಡು ಉಂಡ. ತನಗಾಗಿ ಒಬ್ಬಳು ಹೊಟ್ಟೆಕಿಚ್ಚು ಪಡುತ್ತಾಳೆ ಎಂಬ ರುಚಿಯ ಮುಂದೆ ಉಪ್ಪು ಯಾಕೆ?

ಆಮೇಲೆ ಡೋಲ್ಮಾ ಆ ಮನೆಯಿಂದ ಹೋಗಲೇ ಇಲ್ಲ. ಪೂವಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದಳು. ಮಕ್ಕಳ ಸಾಂಬಾರಿನ ದೊಡ್ಡ ಪಾತ್ರೆಗೆ ಕಣ್ಣಂದಾಜಿನಲ್ಲಿ ಉಪ್ಪು ಹಾಕಿದರೂ ಒಂದು ದಿನ ತಪ್ಪಿದ್ದಿಲ್ಲ. ಮನೆಯಲ್ಲಿ ಮಾತ್ರ ಬೋಜಪ್ಪ ತುತ್ತು ಬಾಯಿಗಿಟ್ಟು, "ಡೋಲ್ಮಾಳ ಕೈ ರುಚಿಯೇ ಬೇರೆ" ಅನ್ನುತ್ತಿದ್ದ. ಹೊಸ ಸೀರೆ ಉಟ್ಟರೆ ಪೂವಮ್ಮನೇ ಕೇಳುತ್ತಿದ್ದಳು: "ಅವಳು ಎಂತ ಉಡುದು?" ಮಕ್ಕಳಾಗಲಿಲ್ಲ ಎಂದು ಅತ್ತ ದಿನವೂ, "ಅವಳಿಗೆ ಆಗ್ತಿತ್ತೋ ಏನೋ" ಅಂದಿದ್ದಳು. ಆವತ್ತು ಬೋಜಪ್ಪ ನಿಜ ಹೇಳಬಹುದಿತ್ತು. ಹೇಳಲಿಲ್ಲ.

ಶಾಲೆಯ ಕೆಲಸ ಬಿಟ್ಟ ವರ್ಷ ಅವಳು ನಶೀದಾಳ ಲಡಾಖ್ ಟೂರಿಗೆ ಹೆಸರು ಕೊಟ್ಟು ಬಂದಳು.

"ಈ ಪ್ರಾಯದಲ್ಲಿ ಎಂತಕ್ಕೆ ನಿನಗೆ ಆ ಚಳಿ?"

"ಅವಳನ್ನು ಒಮ್ಮೆ ನೋಡ್ಬೇಕು."

"ಯಾರನ್ನು?"

"ಇನ್ಯಾರನ್ನು?"

ನೆಟ್ಟಣ ಸ್ಟೇಷನ್ನಿನಲ್ಲಿ ರೈಲು ಬರುವವರೆಗೂ ಅವನು ನಿಜ ಹೇಳಲು ಬಾಯಿ ತೆರೆಯುವುದು, ಮುಚ್ಚುವುದು ಮಾಡಿದ. ರೈಲು ಹೊರಟಾಗ ಕಿಟಕಿಯ ಜೊತೆ ನಾಲ್ಕು ಹೆಜ್ಜೆ ಓಡಿ, "ಅವಳು ಸಿಕ್ಕಿದ್ರೆ ನಾನು ಕೇಳಿದೆ ಅಂತ ಹೇಳು" ಎಂದುಬಿಟ್ಟ.

ತಿರುಗಿ ಬಂದವಳನ್ನು ಪೇಟೆಯ ಹೋಟೆಲಿನ ಮುಂದೆಯೇ ಜನ ಮುತ್ತಿಕೊಂಡರು. ಪೂವಮ್ಮ ಗಂಡನ ಮುಖ ನೋಡಿ ಹೇಳಿದಳು: "ಸಿಕ್ಕಿದಳು. ಡೋಲ್ಮಾ. ಹಲ್ಲೆಲ್ಲ ಹೋಗಿದೆ ಪಾಪ. ಚಳಿಗೆ ರಾತ್ರಿಯಿಡೀ ಅಮ್ಮಾ ಅಂತ ಅಳುತ್ತಿದ್ದ ಹುಡುಗ ಈಗ ಹೇಗಿದ್ದಾನೆ ಅಂತ ಕೇಳಿದಳು."

ಹೋಟೆಲಿನ ಹಂಚು ಹಾರುವಷ್ಟು ನಗು ಎದ್ದಿತು.

ಡೋಲ್ಮಾ ಎಂಬವಳು ಇರಲೇ ಇಲ್ಲ ಎಂಬುದು ಬೋಜಪ್ಪನಿಗೆ ಗೊತ್ತಿತ್ತು. ಆದರೆ ಹೆಂಡತಿಯ ಮಾತು ಸುಳ್ಳು ಎನ್ನಬೇಕಾದರೆ ಮೊದಲು ತನ್ನದು ಸುಳ್ಳೆನ್ನಬೇಕು. ಅಂದಿನಿಂದ ಊರಿಗೆ ಲಡಾಖ್ ಕತೆ ಹೇಳುವವಳು ಪೂವಮ್ಮ. ಬೋಜಪ್ಪ ಬಾಯಿ ಹಾಕಿದರೆ, "ನೀವು ಸುಮ್ಮನಿರಿ, ಅಕ್ಕ ಹೇಳಲಿ" ಎನ್ನುತ್ತಿದ್ದರು. ಅವನು ಹೆಂಡತಿಯ ಮೇಲೆ ಕರುಬಿದ, ಅವಳ ಟೊಪ್ಪಿಯ ಮೇಲೂ ಕರುಬಿದ. ಮಲಗಿದರೆ ಒಂದೇ ಯೋಚನೆ. ಯಾವಳನ್ನೋ ಕಂಡು ಇವಳು ಅವಳೇ ಎಂದು ನಂಬಿ, ಒಳಗೊಳಗೆ ಬೇಯುತ್ತಿದ್ದಾಳೋ? ಅಥವಾ ಎಲ್ಲ ತಿಳಿದು ನನ್ನನ್ನು ಆಡಿಸುತ್ತಿದ್ದಾಳೋ?

*

ಒಳಗೆ ಚಾಪೆಯ ಮೇಲೆ ಪೂವಮ್ಮನನ್ನು ಮಲಗಿಸಿದ್ದರು. ನಶೀದಾ ಕಾಲ ಬಳಿ ಕುಳಿತು ಕಣ್ಣೊರೆಸಿಕೊಂಡು ಹೊರಬಂದಾಗ ಬೋಜಪ್ಪ ಅವಳನ್ನು ಜಗಲಿಯ ಮೂಲೆಗೆ ಕರೆದ.

"ನಶೀದಾ, ಒಂದು ಮಾತು. ಅಲ್ಲಿ ಅವಳಿಗೆ... ಯಾರಾದ್ರೂ ಸಿಕ್ಕಿದ್ರಾ?"

ನಶೀದಾ ಅವನನ್ನೇ ನೋಡಿದಳು. "ಈಗ ಕೇಳುದಾ ಬೋಜಪ್ಪಣ್ಣ ನೀವು?"

ಅವಳು ದನಿ ತಗ್ಗಿಸಲಿಲ್ಲ. ಬಾಗಿಲ ಬಳಿ ನಿಂತಿದ್ದ ಹೆಂಗಸರು ಕಿವಿಗೊಟ್ಟರು. ಪೂವಮ್ಮನ ಸೋದರಮಾವನ ಮಗ, ಮಿಲಿಟರಿಯಿಂದ ನಿವೃತ್ತನಾದ ಮಹೇಶ್ವರ, ಕುರ್ಚಿ ಎಳೆದು ಹತ್ತಿರ ಕುಳಿತ. ನಶೀದಾ ಹೇಳತೊಡಗಿದಳು.

*

ಲೇಹ್‌ನಲ್ಲಿ ಎರಡು ದಿನ ಸುಮ್ಮನೆ ಮಲಗಿ ಎದ್ದು, ಅವರು ಎರಡು ಗಾಡಿಗಳಲ್ಲಿ ಹೊರಟಿದ್ದರು. ಘಾಟಿ ಹತ್ತುವಾಗ ಹೆಂಗಸರೆಲ್ಲ ತಲೆ ಹಿಡಿದುಕೊಂಡು ಒಬ್ಬರ ಮೇಲೊಬ್ಬರು ವಾಂತಿ ಮಾಡಿದರು. ಪೂವಮ್ಮ ಒಬ್ಬಳು ಉಪ್ಪಿನಲ್ಲಿ ಹಾಕಿದ ಲಿಂಬೆ ಚೀಪುತ್ತ ನೆಟ್ಟಗೆ ಕುಳಿತಿದ್ದಳು. ಮೊದಲ ಕೆರೆ ಪಾಂಗಾಂಗ್. ನೀರು ಬೆಳಿಗ್ಗೆ ಬೂದಿ ಬಣ್ಣ, ಮಧ್ಯಾಹ್ನ ನೀಲಿ, ಮೋಡ ಸರಿದ ಕಡೆ ಪಚ್ಚೆ ಹಸಿರು. ಉಳಿದವರು ನೀರಿನ ಮುಂದೆ ಫೋಟೋ ತೆಗೆಸಿಕೊಳ್ಳುವಾಗ ಪೂವಮ್ಮ ಡೇರೆಗಳ ಒಳಗೆ ಇಣುಕಿ, "ಡೋಲ್ಮಾ?" ಎನ್ನುತ್ತಿದ್ದಳು. ಪ್ರತಿ ಡೇರೆಯಲ್ಲೂ ಒಬ್ಬಳು ಡೋಲ್ಮಾ ಇದ್ದಳು. ಒಂದು ಕಡೆ ಅಜ್ಜಿಯೂ ಡೋಲ್ಮಾ, ಮೊಮ್ಮಗಳೂ ಡೋಲ್ಮಾ. ಯಾರಿಗೂ ಸವಣೂರಿನ ಡ್ರೈವರ್ ಗೊತ್ತಿರಲಿಲ್ಲ.

ಕೊನೆಗೆ ಉಪ್ಪಿನ ಕೆರೆ ಸಿಕ್ಕಿತು. ನೀರು ಹಿಂದೆ ಸರಿದಲ್ಲೆಲ್ಲ ನೆಲ ಬೆಳ್ಳಗೆ ಹೆಪ್ಪುಗಟ್ಟಿ, ಕಾಲಿಟ್ಟರೆ ಹಪ್ಪಳದಂತೆ ಮುರಿಯುತ್ತಿತ್ತು. ದೂರದಲ್ಲಿ ಕಾಡುಕತ್ತೆಗಳ ಸಾಲು. ಪೂವಮ್ಮ ಚಿಟಿಕೆ ಉಪ್ಪು ನಾಲಿಗೆಗಿಟ್ಟು, ಮುಖ ಹಿಂಡಿ ಉಗುಳಿದಳು. ದಡದ ಡೇರೆಯಲ್ಲಿ ಹಲ್ಲಿಲ್ಲದ ಒಬ್ಬ ಮುದುಕಿ ಇದ್ದಳು. ಅವಳೂ ಡೋಲ್ಮಾ. ಪೂವಮ್ಮ ಪರ್ಸಿನಿಂದ ಬೋಜಪ್ಪನ ಹಳೆಯ ಫೋಟೋ ತೆಗೆದು ಮುಂದಿಟ್ಟಳು. ಗಾಡಿಯ ಡ್ರೈವರ್ ಮಾತು ದಾಟಿಸಿದ.

ಮುದುಕಿ ಫೋಟೋ ತಿರುಗಿಸಿ ನೋಡಿ ಹೇಳಿದಳು: ಆಗ ಇಲ್ಲಿಗೆ ಲಾರಿ ಎಲ್ಲಿಂದ ಬರಬೇಕು? ಇಲ್ಲಿಯ ಉಪ್ಪನ್ನು ನಾವು ಕುರಿಗಳ ಬೆನ್ನ ಮೇಲೆ ಹೊರಿಸುತ್ತಿದ್ದೆವು.

ಪೂವಮ್ಮ ಫೋಟೋವನ್ನು ಪುನಃ ಪರ್ಸಿಗೆ ಹಾಕಿದಳು. ಆಮೇಲೆ ನಕ್ಕಳು. ನಕ್ಕು ನಕ್ಕು ಉಸಿರು ಸಾಲದೆ ಉಪ್ಪಿನ ಮೇಲೆಯೇ ಕುಸಿದಳು. ಡ್ರೈವರ್ ಓಡಿ ಹೋಗಿ ಆಕ್ಸಿಜನ್ ತಂದ. ಮೂಗಿಗೆ ಮಾಸ್ಕ್ ಹಾಕಿದರೂ ನಗು ನಿಲ್ಲಲಿಲ್ಲ.

*

"ಮತ್ತೆ?" ಬೋಜಪ್ಪ ಕೇಳಿದ.

"ಮತ್ತೆ ಎಂತ? 'ನಶೀದಾ, ಇಲ್ಲದವಳ ಮೇಲೆ ನಲವತ್ತು ವರ್ಷ ಹೊಟ್ಟೆ ಉರಿಸಿಕೊಂಡೆನಲ್ಲ' ಅಂತ ಹೇಳಿ ಅತ್ತರು. ಆಮೇಲೆ ಪುನಃ ನಗು. ಅಕ್ಕನೂ ಆ ಮುದುಕಿಯೂ ಕೂತು ಬೆಣ್ಣೆ ಚಹಾ ಕುಡಿದರು. 'ಊರಲ್ಲಿ ಯಾರಿಗೂ ಹೇಳ್ಬೇಡ, ಮುದುಕನನ್ನು ಸ್ವಲ್ಪ ಆಡಿಸ್ತೇನೆ' ಅಂದ್ರು." ನಶೀದಾ ಶಾಲಿನ ತುದಿಯಿಂದ ಮೂಗು ಒರೆಸಿಕೊಂಡಳು. "'ಅವರೇ ಬಂದು ಅದು ಸುಳ್ಳು ಅಂತ ಒಂದು ಮಾತು ಹೇಳಿದ ದಿನ ನಾನೂ ಎಲ್ಲ ಹೇಳಿಬಿಡ್ತೇನೆ' ಅಂದಿದ್ರು. ಹೋದ ತಿಂಗಳು ಫೋನಲ್ಲಿ ಕೇಳಿದೆ, ಹೇಳಿದ್ರಾ ಅಕ್ಕ ಅಂತ. 'ಇಲ್ಲ ಮಾರಾಯ್ತಿ, ಕಾಯ್ತಾ ಇದ್ದೇನೆ' ಅಂದ್ರು."

ಹೊರಗೆ ಮರ ಬಿದ್ದ ಸದ್ದಾಯಿತು. ಯಾರೂ ತಿರುಗಲಿಲ್ಲ.

"ತುಳಸಿ ನೀರು ಬಿಡ್ಲಿಕ್ಕೆ ಬನ್ನಿ" ಎಂದು ಒಳಗಿನಿಂದ ಕರೆದರು. ಬೋಜಪ್ಪ ಲೋಟ ಹಿಡಿದು ಪೂವಮ್ಮನ ತಲೆಯ ಬಳಿ ಕುಕ್ಕರಗಾಲಲ್ಲಿ ಕುಳಿತ. ನೀರು ಬಾಯಿಗೆ ಬೀಳುವ ಬದಲು ಗಲ್ಲದ ಮೇಲೆ ಹರಿಯಿತು.

"ಪೂವೀ, ಅದು ಸುಳ್ಳು."

ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿದರು.

"ಡೋಲ್ಮಾ ಇಲ್ಲ. ಉಪ್ಪಿನ ಕೆರೆ ನಾನು ಕಂಡವನಲ್ಲ. ನಾನು ಲಾರಿಯಲ್ಲಿ ಕ್ಲೀನರ್. ಹಾಸನ ದಾಟಲಿಲ್ಲ. ಶಿರಾಡಿ ಘಾಟಿ ಹತ್ತುವಾಗಲೇ ವಾಂತಿ ಮಾಡ್ತಿದ್ದೆ." ಅವನು ಕೈ ಎತ್ತಿ ಜಗಲಿಯಲ್ಲಿದ್ದ ಮಹೇಶ್ವರನನ್ನು ತೋರಿಸಿದ. "ಕತೆ ಎಲ್ಲ ಇವನದ್ದು. ನಮ್ಮ ಮದುವೆಗೆ ರಜೆ ಹಾಕಿ ಬಂದಿದ್ದ. ನಿನಗೆ ಮೊದಲು ಸಂಬಂಧ ಮಾತಾಡಿದ ಗಂಡು ಇವನೇ ಅಲ್ವಾ? ಜಗಲಿಯಲ್ಲಿ ಕೂತು ಲಡಾಖ್ ಹೇಳಿದ. ನೀನು ಒಲೆಯ ಮೇಲಿನ ಅನ್ನ ಮರೆತು ಕೇಳ್ತಾ ನಿಂತೆ. ಅನ್ನ ಸೀದಿತು. ನನ್ನ ಹೊಟ್ಟೆಯೂ ಸೀದಿತು. ಇವನಿಗಿಂತ ಒಂದು ಮೆಟ್ಟಿಲು ಮೇಲೆ ಹೇಳ್ಬೇಕು ಅಂತ ಆಯ್ತು. ಅಷ್ಟೇ."

ಎಲ್ಲರೂ ಮಹೇಶ್ವರನ ಕಡೆ ನೋಡಿದರು. ಅವನು ಗಂಟಲು ಸರಿಮಾಡಿಕೊಂಡ. ಮೀಸೆ ಸವರಿದ. ಆಮೇಲೆ ಕುರ್ಚಿಯಿಂದ ಎದ್ದು ಒಳಗೆ ಬಂದ.

"ಭಾವ," ಅಂದ, "ನಾನು ಇದ್ದದ್ದು ಪಠಾಣ್‌ಕೋಟಿನಲ್ಲಿ. ಸ್ಟೋರಿನಲ್ಲಿ ಕಂಬಳಿ ಕೊಡುವ ಕೆಲಸ. ಕಂಬಳಿ ವಾಪಸು ತಂದವರು ಹೇಳಿದ್ದನ್ನು ಇಲ್ಲಿ ಬಂದು ಹೇಳ್ತಿದ್ದೆ. ಆ ಕೆರೆ ನಾನೂ ನೋಡಿಲ್ಲ."

ಹೆಂಗಸರ ನಡುವೆ ಯಾರೋ ಸೆರಗು ಬಾಯಿಗೆ ಒತ್ತಿಕೊಂಡರು. ಅದು ಅಳುವೋ ನಗುವೋ ತಿಳಿಯಲಿಲ್ಲ.

ಬೋಜಪ್ಪ ಹೆಬ್ಬೆರಳಿನಿಂದ ಹೆಂಡತಿಯ ಗಲ್ಲದ ನೀರು ಒರೆಸಿದ. ಪಕ್ಕದಲ್ಲಿ ಸ್ವಲ್ಪ ಸರಿದು ಜಾಗ ಮಾಡಿದ. ಮಹೇಶ್ವರ ನೋಯುವ ಮೊಣಕಾಲು ಹಿಡಿದುಕೊಂಡು ಅಲ್ಲಿ ಕುಳಿತ.

"ನಶೀದಾ," ಬೋಜಪ್ಪ ಕೇಳಿದ, "ಆ ನೀರಿನ ಬಣ್ಣ ಹೇಗೆ ಅಂತ ಇನ್ನೊಮ್ಮೆ ಹೇಳು. ನಾವಿಬ್ಬರೂ ಕಂಡವರಲ್ಲ."

ಹೊರಲು ಬಂದಿದ್ದ ಗಂಡಸರು ಹೆಗಲ ಮೇಲೆ ಬೈರಾಸು ಹಾಕಿಕೊಂಡು ಬಾಗಿಲಲ್ಲಿ ನಿಂತೇ ಇದ್ದರು. ಇಬ್ಬರು ಮುದುಕರು ಚಾಪೆಯ ಅಂಚಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ, ಕತ್ತು ಮುಂದೆ ಚಾಚಿ ಕೇಳುತ್ತಿದ್ದರು.