ನೀಲಿಯಾಗದ ಹಾಲು

ಅರಗು ಕರಗುವ ವಾಸನೆ, ಅದರ ಹಿಂದೆಯೇ ಹುಳಿತ ಹಾಲಿನ ವಾಸನೆ, ಕ್ಯಾನಿನ ಅಂಚಿನಲ್ಲಿ ನೊಣವೊಂದು ಸುತ್ತು ಹಾಕುತ್ತಿದೆ, ಓಡಿಸಬೇಕು, ಕೈ ಏಳುತ್ತಿಲ್ಲ—ಬೆಳಗಿನಿಂದ ಇದು ಐದನೆಯ ಅಂಗಡಿ, ಮೊಣಕಾಲು ಆಗಲೇ ಮುಷ್ಕರ ಹೂಡಿದೆ, ಇಪ್ಪತ್ತಾರು ವರ್ಷದ ಆಹಾರ ತಪಾಸಣೆಯ ಇನ್‌ಸ್ಪೆಕ್ಟರ್ ಕೆಲಸದಲ್ಲಿ ಎಷ್ಟು ಬಾಟಲಿಗೆ ಮೊಹರು ಒತ್ತಿದ್ದಾಳೋ, ಎಷ್ಟು ಜನರಿಂದ ಶಾಪ ಹಾಕಿಸಿಕೊಂಡಿದ್ದಾಳೋ, ಆದರೆ ಪಟ್ಟಿಯಲ್ಲಿ ಈ ಅಂಗಡಿಯ ಹೆಸರು ಕಂಡಾಗ ಮಾತ್ರ ರಜೆ ಹಾಕಿಬಿಡೋಣ ಅನ್ನಿಸಿತ್ತು, ತನ್ನದೇ ಬೀದಿಯ ಹಾಲಿನಂಗಡಿ, ಹನ್ನೊಂದು ವರ್ಷದಿಂದ ಮನೆಗೆ ಹಾಲು ಬರುವುದು ಇಲ್ಲಿಂದಲೇ, ಬೇರೆ ಯಾರನ್ನಾದರೂ ಕಳಿಸಿ ಸಾರ್ ಅಂದರೆ ಸಾಹೇಬರು ಫೈಲಿನಿಂದ ತಲೆ ಎತ್ತಲೇ ಇಲ್ಲ, ಬೇರೆಯವರು ಎಲ್ಲಿದಾರಮ್ಮ, ಇಡೀ ಊರಿಗೆ ನೀವೊಬ್ಬರೇ. ಲೋಟದಲ್ಲಿ ಕ್ಯಾನಿನ ಹಾಲು, ಅಯೋಡಿನ್ ಒಂದು ಹನಿ, ಎರಡು, ನೀಲಿಯಾಗದಿರಲಿ ಎಂದು ಮನಸ್ಸು ಯಾಕೆ ಬೇಡಿಕೊಂಡಿತೋ, ಹನಿ ಬಿದ್ದಲ್ಲಿಂದ ನೀಲಿ ಹರಡಿತು, ಶಾಯಿ ಚೆಲ್ಲಿದ ಹಾಗೆ, ನೀರು ಸುರಿದು ಗಟ್ಟಿ ಕಾಣಲೆಂದು ಹಿಟ್ಟು ಬೆರೆಸಿದ ಹಾಲು. ಹಾಲಿನವನು ನೋಡಿದ, ತಲೆ ತಗ್ಗಿಸಿದ, ಅಕ್ಕಾ ಅಂದ, ಅಷ್ಟೇ.

ಅತ್ತೆಯ ಕೊನೆಯ ಎರಡು ತಿಂಗಳು, ಗಂಟಲಿನಲ್ಲಿ ಹಾಲು ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ, ಇವನೇ ಮೂರು ಮಹಡಿ ಹತ್ತಿ ಬರುತ್ತಿದ್ದ, ಅಜ್ಜಿ ಹೇಗಿದಾರಕ್ಕ, ಇವತ್ತು ಕಣ್ಣು ಬಿಟ್ಟರಾ, ಅತ್ತೆಗೋ ಹೆತ್ತ ಮಗನಿಗಿಂತ ಇವನದೇ ಜಪ, ಹಾಲಿನವನು ಬಂದನೇನೇ—ಚಮಚ ಚಮಚವಾಗಿ ಕುಡಿಸಿದ್ದು ತಾನೇ, ಸೆರಗಿನಿಂದ ಬಾಯಿ ಒರೆಸಿದ್ದು ತಾನೇ, ಈಗ ಆ ಚಮಚದಲ್ಲೂ ನೀಲಿ, ಆ ಗಂಟಲಿನಲ್ಲೂ ನೀಲಿ. ಕೇಳಬಾರದು ಎಂದುಕೊಂಡಿದ್ದಳು, ಕೇಳಿಯೇಬಿಟ್ಟಳು, ನಮ್ಮತ್ತೆಗೂ ಇದನ್ನೇ ಕೊಟ್ಯಾ? ಕೆನ್ನೆಗೆ ಬಾರಿಸಿದಂತಾಯಿತು ಅವನಿಗೆ, ಅಯ್ಯೋ, ಎಂಥಾ ಮಾತಕ್ಕ, ಸಾಯೋ ಜೀವಕ್ಕೆ ಇದನ್ನ ಕೊಡ್ತೀನಾ, ಅಜ್ಜಿಗೆ ಬೇರೆ, ನಮ್ಮ ಮಕ್ಕಳು ಕುಡಿಯೋದೇ ಕೊಡ್ತಿದ್ದೆ, ಬೇಕಾದ್ರೆ ನೋಡಿ ಎಂದವನೇ ಒಳಗೆ ಓಡಿ, ಮುಚ್ಚಳ ಹಾಕಿದ ಪುಟ್ಟ ಪಾತ್ರೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದ, ತುಳುಕದ ಹಾಗೆ. ಅವಳು ಹನಿ ಬಿಟ್ಟಳು. ತಿಳಿ ಕಂದು. ಇನ್ನೊಂದು ಹನಿ. ಕಂದೇ. ಅವನ ಮುಖ ಅರಳಿತು, ನೋಡಿದ್ರಾ ಅಕ್ಕ, ನಿಮ್ಹತ್ರ ನಾನು ಸುಳ್ಳು ಹೇಳಲ್ಲ.

ತಾನು ಏನು ಹೇಳಿದೆ ಎಂದು ಅವನಿಗೆ ಇನ್ನೂ ಹೊಳೆದಿಲ್ಲ, ಹೊರಗೆ ಕಟ್ಟೆಯ ಪಕ್ಕ ಹೆಂಗಸೊಬ್ಬಳು ಮಗುವನ್ನು ಸೊಂಟಕ್ಕೇರಿಸಿಕೊಂಡು ತಂಬಿಗೆ ಹಿಡಿದು ನಿಂತಿದ್ದಾಳೆ, ಇವತ್ತು ಹಾಲಿಲ್ವಾ ಎನ್ನುತ್ತಾಳೆ, ಅವಳ ಮಗುವಿಗೆ ಯಾವ ಪಾತ್ರೆಯದು—ಸಾಕ್ಷಿಗೆಂದು ಕರೆತಂದ ಪಕ್ಕದ ಕ್ಷೌರಿಕ ಮುಖ ನೋಡದೆ ಸಹಿ ಹಾಕಿ ಹೋದ, ಕ್ಯಾನಿನ ಹಾಲು ತುಂಬಿದ ನಾಲ್ಕು ಬಾಟಲಿಗೂ ಮೊಹರು ಬಿತ್ತು, ಅರಗು ಬೆರಳು ಸುಟ್ಟಿತು. ಮನೇ ಹಾಲನ್ನೂ ರಿಪೋರ್ಟಲ್ಲಿ ಬರೀತೀರಾ ಅಕ್ಕ, ಅದು ಒಳ್ಳೇದಲ್ವಾ? ಹೂಂ, ಅದನ್ನೇ ಮೊದಲು ಬರೀಬೇಕು, ಗೊತ್ತಿದ್ದೇ ಮಾಡಿದ ಅನ್ನೋದಕ್ಕೆ ಅದೇ ಸಾಕ್ಷಿ ಕಣಪ್ಪಾ. ಆಗ ಅವನಿಗೆ ಅರ್ಥವಾಯಿತು, ಅವಳು ಬರೆಯಲು ಬಗ್ಗಿದಳು, ಅತ್ತೆಗೆ ಒಳ್ಳೆಯದನ್ನೇ ಕೊಟ್ಟವನು, ಮೂರು ಮಹಡಿ ಹತ್ತಿದವನು, ಪೆನ್ನು ಮುಂದೆ ಹೋಗುತ್ತಿಲ್ಲ, ಪುಟ್ಟ ಪಾತ್ರೆ, ಬಿಳಿ ಹಾಲು, ಅದರ ಮೇಲೆ ಆ ಹನಿ, ಕಂದು, ಕಂದೇ, ಎಷ್ಟು ಹೊತ್ತು ನೋಡಿದರೂ ನೀಲಿಯಾಗದ ಹನಿ