ಗಾರ್ಮಕ್ಕೆ ಹೊರಟ ಕತ್ತರಿ

ಬಸ್ಸು ಇತ್ತು. ಆದರೂ ಶಿಮುನ್ ನಡೆದೇ ಹೊರಟ. ಬಸ್ಸು ಹತ್ತಿದ ಮೇಲೆ ಮನಸ್ಸು ಬದಲಾಯಿಸಿ ನಡುದಾರಿಯಲ್ಲಿ ಇಳಿದರೆ ನಾಲ್ಕು ಜನ ನೋಡುತ್ತಾರೆ. ನಡೆಯುವವನು ಯಾವ ತಿರುವಿನಿಂದ ವಾಪಸಾದರೂ ಕೇಳುವವರಿಲ್ಲ. ಎಡಕ್ಕೆ ಡಾಲ್ಮೇಷಿಯಾದ ಬೋಳು ಗುಡ್ಡ, ಬಲಕ್ಕೆ ಸಮುದ್ರ, ಅದರಾಚೆ ಗಾರ್ಮ ದ್ವೀಪ. ಕೋಟಿನ ಜೇಬಿನಲ್ಲಿ ಹೊಸ ಕತ್ತರಿ.

ದ್ವೀಪದಲ್ಲಿ ಲೋವ್ರೆ ಇದ್ದ. ಒಂದು ಕಾಲಕ್ಕೆ ಇಬ್ಬರೂ ಒಂದೇ ದೋಣಿಯಲ್ಲಿ ಮೀನು ಹಿಡಿದವರು. ಒಂದು ಚಳಿಗಾಲ, ಗುಡ್ಡದ ಕಡೆಯಿಂದ ಬುರಾ ಗಾಳಿ ನುಗ್ಗಿದಾಗ, ಶಿಮುನ್‌ನ ಹೊಸ ಬಲೆ ನೀರೊಳಗೆ ತಿರುಗುವ ಎಂಜಿನ್ನಿನ ಫ್ಯಾನಿಗೆ ಸುತ್ತಿಕೊಂಡಿತು. ದೋಣಿ ಬಂಡೆಗೆ ಬಡಿಯುತ್ತದೆಂದು ಲೋವ್ರೆ ಹಿಂದೆಮುಂದೆ ನೋಡದೆ ಬಲೆ ಕೊಯ್ದುಹಾಕಿದ. "ಇನ್ನೆರಡು ನಿಮಿಷ ತಡೆದಿದ್ರೆ ನಾನೇ ಬಿಡಿಸ್ತಿದ್ದೆ" ಅಂತ ಶಿಮುನ್ ಹದಿನೆಂಟು ವರ್ಷದಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತ ಬಂದಿದ್ದ. ಲೋವ್ರೆಯ ಜೊತೆ ಮಾತ್ರ ಮಾತಿಲ್ಲ.

ಈಗ ಆ ಲೋವ್ರೆಯೇ ಹೇಳಿಕಳಿಸಿದ್ದ: ಮೊಮ್ಮಗನ ಮೊದಲ ಕೂದಲು ನೀನು ಬಂದು ಕತ್ತರಿಸಬೇಕು. ನಮ್ಮಲ್ಲಿ ಮಗುವಿನ ಮೊದಲ ಕೂದಲು ಕತ್ತರಿಸಿದವನು ಆ ಮನೆಗೆ ಕುಮನಾಗುತ್ತಾನೆ, ನೆಂಟರಿಗಿಂತ ಒಂದು ಕೈ ಮೇಲು. ಕುಮರ ನಡುವೆ ಹಗೆ ಇರುವಂತಿಲ್ಲ. ಅದಕ್ಕೇ ರಾಜಿಯಾಗಬೇಕೆನ್ನುವವರು ಹಗೆಯವನನ್ನೇ ಹುಡುಕಿ ಕರೆಯುತ್ತಾರೆ. ಶಿಮುನ್‌ಗೆ ಗೆಳೆಯ ಬೇಕಿತ್ತು, ಎಷ್ಟು ಬೇಕಿತ್ತೆಂದರೆ ರಾತ್ರಿಯೆಲ್ಲ ನಿದ್ದೆ ಹತ್ತಿರಲಿಲ್ಲ. ತಪ್ಪು ಒಪ್ಪಿಕೊಳ್ಳುವುದು ಮಾತ್ರ ಬೇಕಿರಲಿಲ್ಲ. ತಪ್ಪೇನಿದ್ದರೂ ಲೋವ್ರೆಯದು!

ಹೊಳೆಬಾಯಿಯಲ್ಲಿ ದಾಟಿಸುವ ಅಂಬಿಗನಿಗೆ ಆಗಲೇ ಸುದ್ದಿ ಮುಟ್ಟಿತ್ತು.

"ಕತ್ತರಿ ಕೂದಲಿಗೋ, ಲೋವ್ರೆ ಮೂಗಿಗೋ?"

"ಮೊದಲು ನಿನ್ನ ನಾಲಿಗೆಗೆ. ಹುಟ್ಟು ಹಾಕು, ಸುಮ್ನೆ."

ಆಚೆ ದಡದಿಂದ ಪೈನ್ ಮರಗಳ ನಡುವೆ, ಆಮೇಲೆ ಉಪ್ಪಿನ ಗದ್ದೆಗಳ ಬದುವಿನ ಮೇಲೆ ನಡೆದ. ಬಂಡೆಯೊಂದರ ಮೇಲೆ ಕೂತು ರೊಟ್ಟಿ, ಗಿಣ್ಣು, ಒಣ ಅಂಜೂರ ತಿಂದ. ಎರಡು ಸಲ ಹಿಂದಕ್ಕೆ ತಿರುಗಿದ, ಎರಡು ಸಲವೂ ತನ್ನನ್ನೇ ಬೈದುಕೊಂಡು ಮುಂದೆ ಹೆಜ್ಜೆ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಗಾರ್ಮಕ್ಕೆ ದೋಣಿ ಬಿಡುವ ಯೆರ್ಕಾಳ ಕಟ್ಟೆ ಮುಟ್ಟಿದ. ಬೇರೆ ಗಿರಾಕಿಯಿರಲಿಲ್ಲ, ಇಬ್ಬರೇ ಹೊರಟರು.

ಅರ್ಧ ದಾರಿ ದಾಟಿದ ಮೇಲೆ ಗಾಳಿ ಎದ್ದಿತು. ದ್ವೀಪದ ಬಂಡೆಗಳು ಹತ್ತಿರವಾಗುತ್ತಿದ್ದಂತೆ ಎಂಜಿನ್ ಗೊರಗುಟ್ಟಿ ನಿಂತಿತು. ಫ್ಯಾನಿಗೆ ಹಸಿರು ಬಲೆ ಸುತ್ತಿಕೊಂಡಿತ್ತು. ಯೆರ್ಕಾ ಹುಟ್ಟನ್ನು ಬಂಡೆಗೆ ಕೊಟ್ಟು ದೋಣಿಯನ್ನು ತಡೆದು ನಿಂತಳು.

"ಮಾಮ, ಕೊಯ್ದುಬಿಡು!"

ಶಿಮುನ್ ಎಂಜಿನ್ ಮೇಲೆತ್ತಿ ಕತ್ತರಿ ತೆಗೆದ. ಆಗ ಬಲೆಯ ಬೆಂಡು ಕಣ್ಣಿಗೆ ಬಿತ್ತು. ಹಳದಿ ಬಣ್ಣ, ನಡುವೆ ಕಪ್ಪು ಪಟ್ಟಿ. ಒಂದು ಕಾಲಕ್ಕೆ ತಾನೂ ಲೋವ್ರೆಯೂ ಕೂತು ಬಳಿದಿದ್ದ ಗುರುತು, ಅವನು ಇನ್ನೂ ಬದಲಾಯಿಸಿರಲಿಲ್ಲ.

ಕತ್ತರಿ ಜೇಬಿಗಿಳಿಯಿತು. ಅವನು ಬೆರಳಿನಿಂದ ಬಿಡಿಸತೊಡಗಿದ. ಒಂದು ಸುತ್ತು ಬಿಚ್ಚಿತು, ಇನ್ನೊಂದು ಬಿಗಿಯಿತು. ಉಗುರು ಕಿತ್ತು ರಕ್ತ ಬಂತು. ದೋಣಿಯ ಪಕ್ಕ ಬಂಡೆಗೆ ಉಜ್ಜಿ ಹಲಗೆ ಚಟ್ ಎಂದಿತು.

"ಏನ್ ಮಾಮ, ಸ್ವೆಟರ್ ಹೆಣೀತಿದೀಯಾ? ಸಾಯ್ತೀವಿ ಇಬ್ರೂ!"

ಶಿಮುನ್ ಕತ್ತರಿ ತೆಗೆದು ಕಚಕಚನೆ ಕೊಯ್ದ.

ಲೋವ್ರೆ ಅಂಗಳದ ಅಂಜೂರದ ಮರದ ಕೆಳಗೆ ನಿಂತಿದ್ದ. ಸೊಸೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಮಡಿಲಲ್ಲಿ ಕೂದಲು ಹಿಡಿಯಲು ಬಿಳಿ ಬಟ್ಟೆ.

"ನಡ್ಕೊಂಡೇ ಬಂದ್ಯಾ?" ಎಂದ ಲೋವ್ರೆ.

"ಹೂಂ."

ಶಿಮುನ್ ಕತ್ತರಿ ತೆಗೆದ. ಅದರ ಸಂದಿನಲ್ಲಿ ಹಸಿರು ದಾರದ ಎಳೆ ಸಿಕ್ಕಿಕೊಂಡಿತ್ತು. ದಾರಿಯಲ್ಲೇ ಕಿತ್ತೆಸೆಯಬಹುದಿತ್ತು, ಎಸೆದಿರಲಿಲ್ಲ.

"ಕೂದಲು ಆಮೇಲೆ. ಮೊದಲು ಇದು ಕೇಳು. ನಿನ್ನ ಬಲೆ ಕೊಯ್ದು ಬಂದಿದೀನಿ. ಯೆರ್ಕಾಳ ಫ್ಯಾನಿಗೆ ಸುತ್ಕೊಂಡಿತ್ತು."

ಸೊಸೆ ಮಗುವನ್ನು ಎದೆಗೆ ಒತ್ತಿಕೊಂಡಳು. ಲೋವ್ರೆ ಆ ದಾರವನ್ನೇ ನೋಡುತ್ತ ನಿಂತ.

"ಬಿಡಿಸೋಕೆ ಆಗ್ತಿರ್ಲಿಲ್ವಾ?"

"ನೋಡಿದೆ ಕಣೋ. ಎರಡು ನಿಮಿಷ ಪೂರ್ತಿ ನೋಡಿದೆ." ಶಿಮುನ್ ರಕ್ತ ಒಣಗಿದ ಬೆರಳುಗಳನ್ನು ಚಾಚಿದ. "ಆಗಲ್ಲ, ಲೋವ್ರೆ. ಅವತ್ತೂ ಆಗ್ತಿರ್ಲಿಲ್ಲ."

ಲೋವ್ರೆ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತ. ಅಂಗೈಯಿಂದ ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಕೊನೆಗೆ ಮಗುವಿನ ಕಡೆ ಕೈ ತೋರಿಸಿ, "ಹಾಕು ಕತ್ತರಿ" ಎಂದ.

ಶಿಮುನ್ ಹಣೆಯ ಮೇಲಿನ ಒಂದು ಗೊಂಚಲು ಹಿಡಿದು ಕತ್ತರಿಸಿದ. ಬಲೆ ಕೊಯ್ದು ಮೊಂಡಾಗಿದ್ದ ಕತ್ತರಿ ಅರ್ಧ ಕತ್ತರಿಸಿ, ಅರ್ಧ ಕಿತ್ತಿತು. ಮಗು ಊರು ಒಂದಾಗುವಂತೆ ಚೀರಿತು. ಎಳೆಗೂದಲು ಬಿಳಿ ಬಟ್ಟೆಯ ಮೇಲೆ ಬಿತ್ತು. ಶಿಮುನ್ ಗಾಬರಿಯಲ್ಲೇ ಇನ್ನೊಂದು ಗೊಂಚಲಿಗೆ ಕೈ ಹಾಕಿದ.

"ಎರಡು ನಿಮಿಷ ತಡಿಯೋ, ಕುಮ," ಎನ್ನುತ್ತ ಲೋವ್ರೆ ಎದ್ದ. "ಒಳಗಿಂದ ಬೇರೆ ಕತ್ತರಿ ತರ್ತೀನಿ."